ಸೂಜಿ ಕುದಿಸಿದ ಸೋದರತ್ತೆ

ನಮ್ಮ ಸೋದರತ್ತೆ ದೇವರನ್ನು ನಂಬುತ್ತಿದ್ದಳು. ಆದರೆ ಆತನ ಪ್ರಸಾದವನ್ನು ಮಾತ್ರ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು! ದೇವರ ಗತಿಯೇ ಹೀಗಾದರೆ ನಮ್ಮೂರು ಸಿರುಗುಪ್ಪದ ಹಾಲಿನವನ ಪಾಡೇನು? ದಿನಾ ಬೆಳಿಗ್ಗೆ ಅವನಿಗೆ ವಿಚಾರಣೆ. "ನೀರು ಹಾಕಿದ್ದಕ್ಕ ನನ್ನ ತಕರಾರಿಲ್ಲ ತಮ್ಮಾ. ಬಾವಿ ನೀರೋ, ಕಾಲುವಿ ನೀರೋ, ಅಷ್ಟು ಹೇಳು!" ಬಡಪಾಯಿ ಒಮ್ಮೆ ಬಾಯಿತಪ್ಪಿ "ಬಾವೀದ್ರೀ" ಅಂದುಬಿಟ್ಟ. ಆ ಸತ್ಯಕ್ಕೆ ಮೆಚ್ಚಿ ಅತ್ತೆ ಅವನನ್ನೇ ಕಾಯಂ ಮಾಡಿಕೊಂಡಳು.

ಕುರುಗೋಡಿಗೆ ಮದುವೆಗೆ ಹೋದಾಗ ಅವಳಿಗೆ ಜ್ವರ ಬಂತು. ಅಲ್ಲಿನ ಡಾಕ್ಟರು ಒಂದೇ ಸೂಜಿಯಿಂದ ಸಾಲಾಗಿ ಎಲ್ಲರಿಗೂ ಚುಚ್ಚುತ್ತಿದ್ದರು. ಅತ್ತೆಯ ಸರದಿ ಬಂತು. ತೋಳು ಚಾಚುವುದರ ಬದಲು ಬಾಯಿ ತೆರೆದಳು.

"ಡಾಕ್ಟ್ರೇ, ಈ ಸೂಜಿ ನನಗಿಂತ ಮೊದ್ಲು ಯಾರ ಮೈಯಾಗ ಹೋಗಿ ಬಂದೈತಿ?"

"ಬಿಸಿನೀರಾಗ ಅದ್ದೀನಮ್ಮಾ."

"ಬಿಸಿನೀರಾಗ ಅದ್ದಿ ತೆಗದ್ರ ಅಕ್ಕಿ ಅನ್ನ ಆಗ್ತೈತೇನ್ರಿ? ಕುದಿಸ್ರಿ!"

ಸ್ಟೋವ್ ಹಚ್ಚಲೇಬೇಕಾಯಿತು. ಅತ್ತೆ ಕಂಬಳಿ ಹೊದ್ದು ಪಾತ್ರೆಯ ಮುಂದೆಯೇ ಕಾವಲು ಕುಳಿತಳು. ನೀರು ಕೊತಕೊತ ಕುದಿಯುವಷ್ಟರಲ್ಲಿ ಜ್ವರ ಹೆದರಿ ಇಳಿದೇಹೋಗಿತ್ತು! ಹಿಂದೆ ನಿಂತವರು ಬಿಟ್ಟಾರೆಯೇ? "ನಮಗೂ ಕುದಿಸ್ರಿ" ಎಂದು ಪಟ್ಟುಹಿಡಿದರು. ಡಾಕ್ಟರು ಅತ್ತೆಯನ್ನು ನೋಡಿದ ನೋಟ ಔಷಧದಷ್ಟೇ ಕಹಿಯಾಗಿತ್ತು.

ಎಂಬತ್ತರ ದಶಕದ ಕೊನೆಗೆ ಪತ್ರಿಕೆಯಲ್ಲಿ ಏಡ್ಸ್ ಎಂಬ ಹೊಸ ಹೆಸರು ಕಾಣಿಸಿತು. ಬಳ್ಳಾರಿಯಿಂದ ಒಂದು ತಂಡ ಸಿರುಗುಪ್ಪದ ಶಾಲೆಯ ಅಂಗಳಕ್ಕೆ ಬಂದು ರಕ್ತಪರೀಕ್ಷೆಗೆ ಕುಳಿತಿತು. ಊರಿಗೆ ಊರೇ ಸಂಶಯದಲ್ಲಿ ಮುಳುಗಿತು. "ರಕ್ತ ತಗೊಂಡು ಬೊಂಬಾಯಾಗ ಮಾರ್ತಾರಂತ." "ಗಂಡಸ್ತನಾನೇ ಹೋಗ್ತೈತಂತ!" ಜನ ದೂರ ನಿಂತು ನೋಡಿದರೇ ಹೊರತು ಒಬ್ಬರೂ ಹತ್ತಿರ ಸುಳಿಯಲಿಲ್ಲ. ಸಂಶಯದಲ್ಲಿ ತನ್ನನ್ನು ಮೀರಿಸುವವರೇ? ಅತ್ತೆ ಸೀದಾ ಮೇಜಿನ ಮುಂದೆ ಹೋಗಿ ನಿಂತಳು.

"ಡಾಕ್ಟ್ರಮ್ಮಾ, ಈ ರೋಗ ಹೆಂಗ ಬರ್ತೈತಿ?"

ಎಳೆಯ ವಯಸ್ಸಿನ ಡಾಕ್ಟರಮ್ಮ ತಲೆ ತಗ್ಗಿಸಿ, "ಅದು... ಗಂಡು ಹೆಣ್ಣಿನ ಸಂಬಂಧ..." ಎಂದು ಗೊಣಗಿದಳು.

"ಗಟ್ಟಿಯಾಗಿ ಹೇಳವ್ವಾ! ಇಲ್ಲಿ ನಿಂತೋರೆಲ್ಲಾ ಮಕ್ಕಳನ್ನ ಹಡದೋರ!"

ಅಂಗಳವೆಲ್ಲ ಗೊಳ್ಳೆಂದಿತು. ನಗೆಯ ಜೊತೆ ಡಾಕ್ಟರಮ್ಮನ ನಾಚಿಕೆಯೂ ಹಾರಿಹೋಯಿತು. ಸಂಗದಿಂದ, ರಕ್ತದಿಂದ, ಕುದಿಸದ ಸೂಜಿಯಿಂದ ಬರುತ್ತದೆ, ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದಳು.

"ಪರೀಕ್ಷಿ ಮಾಡಿದ ಮ್ಯಾಲ ನಮ್ಮ ಹೆಸರು ಯಾರಿಗಾದ್ರೂ ಹೇಳ್ತಿಯೇನು?"

"ಇಲ್ಲಮ್ಮಾ. ನಿಮಗ ಮಾತ್ರ."

"ಹಂಗಾದ್ರ ಮೊದ್ಲು ನನ್ನ ರಕ್ತ ತಗೋ."

ಅತ್ತೆಯ ಹಿಂದೆ ಒಬ್ಬೊಬ್ಬರೇ ಬಂದರು. ಕೊನೆಗೆ ಬಂದವನು ನಮ್ಮ ಓಣಿಯ ಲಾರಿ ಡ್ರೈವರ್ ಎರ್ರಿಸ್ವಾಮಿ. ಆತ ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದ. ಓಣಿಯವರು ಆಗಲೇ ಇದು ಏಡ್ಸೇ ಎಂದು ತೀರ್ಪು ಕೊಟ್ಟು, ಅವನನ್ನು ನಳದ ಹತ್ತಿರವೂ ಬಿಡುತ್ತಿರಲಿಲ್ಲ. ಕೂಡಲೇ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಬೇಕೆಂದಳು ಡಾಕ್ಟರಮ್ಮ. ಜೊತೆಗೆ ಯಾರು? ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ನಾನು ಹೊಂಟೀನಿ," ಎಂದಳು ಅತ್ತೆ. "ಆ ಆಸ್ಪತ್ರ್ಯಾಗ ಸೂಜಿ ಕುದಿಸ್ತಾರೋ ಇಲ್ಲೋ ನೋಡ್ಬೇಕು!"

ಅವಳ ಮಾತಿನ ಮೇಲೆ ನನಗೇ ಸಂಶಯ ಬಂದು ನಾನೂ ಹೊರಟೆ. ಆಸ್ಪತ್ರೆಯಲ್ಲಿ ಇಡೀ ದಿನ ಕಳೆಯಿತು. ಡಾಕ್ಟರು ಎರ್ರಿಸ್ವಾಮಿಯನ್ನೂ ಅತ್ತೆಯನ್ನೂ ಒಳಗೆ ಕರೆದು ಮಾತಾಡಿದರು. ನನಗೆ ಬಾಗಿಲ ಹೊರಗೇ ಜಾಗ. ಗುಳಿಗೆಯ ಪೊಟ್ಟಣ ಹಿಡಿದು ಬಸ್ಸು ಹತ್ತಿದರೆ, ಓಣಿಯ ಹೆಂಗಸೊಬ್ಬಳು ಅಲ್ಲೇ ಇದ್ದಳು. "ಏನಂತಕ್ಕಾ ರೋಗ?"

"ನಿಮ್ಮನಿ ಸಾರಿಗೆ ಉಪ್ಪೆಷ್ಟು ಅಂತ ನಾನು ಕೇಳೀನೇನು?"

ಕಂಡಕ್ಟರ್ ಟಿಕೆಟ್ ಹರಿಯುತ್ತ ಎರ್ರಿಸ್ವಾಮಿಯತ್ತ ನೋಡಿ ಕೇಳಿದ: "ಇವರು ನಿಮಗೇನಾಗ್ಬೇಕ್ರಿ?"

"ಮಗ ಅಂದ್ರ ಚಾರ್ಜ್ ಕಡಿಮಿ ಮಾಡ್ತಿಯೇನಪ್ಪಾ?"

ಎರ್ರಿಸ್ವಾಮಿ ಬಹಳ ದಿನಗಳ ಮೇಲೆ ನಕ್ಕ. ಕೆಲವು ತಿಂಗಳು ಗುಳಿಗೆ ನುಂಗಿ ಆತ ಮತ್ತೆ ಲಾರಿ ಹತ್ತಿದ. ಅವನಿಗಿದ್ದದ್ದು ಏನೆಂದು ಅತ್ತೆ ಸಾಯುವ ತನಕ ಬಾಯಿ ಬಿಡಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ಗೊತ್ತಿರುವುದು ಇಷ್ಟೇ. ಆ ದಿನ ಬಸ್ಸಿನಲ್ಲಿ ಎರ್ರಿಸ್ವಾಮಿಗೆ ನಿದ್ದೆ ಹತ್ತಿತ್ತು. ರಸ್ತೆಯ ತುಂಬ ಗುಂಡಿ. ಒಂದೊಂದು ಗುಂಡಿಗೂ ಅವನ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ಅತ್ತೆ ಕೈಚಾಚಿ, ಸರಳಿಗೂ ಅವನ ತಲೆಗೂ ನಡುವೆ ತನ್ನ ಅಂಗೈ ಇಟ್ಟಳು. ಸಿರುಗುಪ್ಪ ಬರುವವರೆಗೂ ತೆಗೆಯಲಿಲ್ಲ. ಇಳಿಯುವಾಗ ನೋಡಿದೆ, ಕೈಯ ಹಿಂಬದಿ ಕೆಂಪಗೆ ಬಾತುಹೋಗಿತ್ತು.