ಹೆಂಡತಿಗೆ ಚೀಟಿ ಬರೆಯಲು ಎಷ್ಟು ಜಿಬಿ ಬೇಕು?

"ಬರೋ ಭಾನುವಾರ ಸೂರ್ಯ ನೆತ್ತಿಗೇರೋದ್ರೊಳಗೆ ಆ ಕತ್ತೇನ ಕುದುರೆ ಮಾಡದಿದ್ರೆ ನನ್ನನ್ನ ಕನ್ನಡಕದಣ್ಣ ಅಂತ ಕರೀಬೇಡಿ."

ಕನ್ನಡಕದಣ್ಣ ಈ ಶಪಥ ಮಾಡಿದ್ದು ಊಟದ ಡಬ್ಬಿಯ ಮುಂದೆ. ಸಾಕ್ಷಿಗಿದ್ದವನು ಎಲ್ಲಾಬಲ್ಲನೊಬ್ಬನೇ. ಇಬ್ಬರೂ ಒಂದು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವರು. ಕತ್ತೆ ಎಂದದ್ದು ಮನೆಯ ಕಂಪ್ಯೂಟರಿಗೆ. ಗಾಜು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕನ್ನಡಕದಣ್ಣನ ಬೆರಳಿಗೆ ತಿಳಿಯುತ್ತಿತ್ತು. ಅಂಥ ಬೆರಳಿಗೆ ಒಂದು ಕಂಪ್ಯೂಟರ್ ಯಾವ ಲೆಕ್ಕ ಎಂಬುದು ಅವನ ಅಂಬೋಣ.

ಆ ಕಂಪ್ಯೂಟರಿನ ಕಥೆ ಹೇಳಬೇಕಾದರೆ ಮೊದಲು ಆ ಮನೆಯ ಗಡಿಯಾರದ ಕಥೆ ಹೇಳಬೇಕು. ಅವನ ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವಳು. ಸಂಜೆ ಐದೂವರೆಗೆ ಮನೆ ಬಿಟ್ಟರೆ ಮರಳುವುದು ಬೆಳಗ್ಗೆ ಎಂಟೂಕಾಲಕ್ಕೆ. ಅವನು ಏಳೂವರೆಗೇ ಬಸ್ಸು ಹತ್ತಿ, ಸಂಜೆ ಏಳೂವರೆಗೆ ಬಾಗಿಲು ತೆಗೆಯುವವನು. ಅವಳ ರಜೆ ಬುಧವಾರ. ಆ ರಾತ್ರಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಅಕ್ಕನ ಮನೆಗೆ ಹೋಗುತ್ತಿದ್ದಳು. ಅವನ ರಜೆ ಭಾನುವಾರ. ಆವತ್ತು ಅವಳು ನಾಲ್ಕು ಗಂಟೆಯ ತನಕ ನಿದ್ದೆ. ಹೀಗಾಗಿ ಮದುವೆಯಾಗಿ ಹದಿನಾಲ್ಕು ವರ್ಷವಾದ ಈ ಗಂಡ ಹೆಂಡಿರಿಗೆ ವಾರಕ್ಕೆ ದಕ್ಕುತ್ತಿದ್ದದ್ದು ಭಾನುವಾರದ ಒಂದೂವರೆ ಗಂಟೆ. ಅದರಲ್ಲೂ ಅರ್ಧ ಬಟ್ಟೆ ಒಗೆಯಲು, ಇನ್ನರ್ಧ ಸಾಮಾನು ತರಲು. ಬೀದಿಯವರು ಅವನನ್ನು ಕನ್ನಡಕದಣ್ಣ ಎನ್ನುತ್ತಿದ್ದರು, ಅವಳನ್ನು ಬ್ರೆಡ್ಡಕ್ಕ. ಗಂಡ ಅಣ್ಣ, ಹೆಂಡತಿ ಅಕ್ಕ ಆದದ್ದು ಯಾರಿಗೂ ವಿಚಿತ್ರ ಎನಿಸಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಕಂಡವರಿದ್ದರೆ ತಾನೇ.

ಸಂಸಾರ ನಡೆಯುತ್ತಿದ್ದದ್ದು ಕಂಪ್ಯೂಟರಿನಲ್ಲಿ. ಊಟದ ಮೇಜಿನ ಮೂಲೆಯಲ್ಲಿ ಅದು ಸದಾ ತೆರೆದೇ ಇರುತ್ತಿತ್ತು. ಅದರಲ್ಲಿ ಒಂದು ಪುಟ. ಅವನು ಸಂಜೆ ಬಂದು ಒಂದಿಷ್ಟು ಬರೆಯುವನು, ಅವಳು ಬೆಳಗ್ಗೆ ಬಂದು ಅದರ ಕೆಳಗೆ ಒಂದಿಷ್ಟು ಬರೆಯುವಳು. ಫೋನಿನಲ್ಲಿ ಬರೆದದ್ದೆಲ್ಲ ಗದರಿಸಿದ ಹಾಗೆ ಕೇಳುತ್ತದೆ ಎಂದು ಅವಳ ತಕರಾರು. ಅಷ್ಟು ಸಣ್ಣ ಅಕ್ಷರ ತನಗೆ ಕಾಣುವುದಿಲ್ಲ ಎಂದು ಊರಿಗೆಲ್ಲ ಕನ್ನಡಕ ಕೂರಿಸುವವನ ತಕರಾರು. ಪುಟದಲ್ಲಿ ಹಾಲು ಮುಗಿದದ್ದಿತ್ತು, ನಲ್ಲಿ ಸೋರಿದ್ದಿತ್ತು, ಜಗಳವಿತ್ತು, ರಾಜಿಯೂ ಇತ್ತು. "ನಿನ್ನೆ ನೀವು ಒಗೆದ ಸೀರೆ ಈಗ ಎರಡು ಬಣ್ಣದ್ದಾಗಿದೆ. ಮೊದಲಿಗಿಂತ ಚೆನ್ನಾಗಿದೆ, ಆದರೆ ಮತ್ತೆ ಒಗೆಯಬೇಡಿ" ಎಂದು ಅವಳು ಒಮ್ಮೆ ಬರೆದಿದ್ದಳು. ಅದನ್ನು ಓದಿ ಅವನು ಒಬ್ಬನೇ ಕೂತು ನಕ್ಕಿದ್ದ. ಖಾಲಿ ಮನೆಯಲ್ಲಿ ತನ್ನ ನಗು ತನಗೇ ಕೇಳಿಸಿ, ಮುಜುಗರವಾಗಿ, ಸುಮ್ಮನಾಗಿದ್ದ.

ಬರಬರುತ್ತಾ ಕಂಪ್ಯೂಟರ್ ನಿಧಾನವಾಯಿತು. 'ಅ' ಒತ್ತಿದರೆ ಅದು ಪರದೆಯಲ್ಲಿ ಮೂಡುವಷ್ಟರಲ್ಲಿ, ಏನು ಬರೆಯಹೊರಟಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ಅವನು ಎಲ್ಲಾಬಲ್ಲನ ಮೊರೆಹೊಕ್ಕ.

"ಇಬ್ಬರೂ ಒಂದೇ ಕೋಣೆಗೆ ನುಗ್ಗಿದ್ರೆ ಇನ್ನೇನಾಗುತ್ತೆ ಗುರುವೇ?" ಎಂದ ಎಲ್ಲಾಬಲ್ಲ. "ಕಂಪ್ಯೂಟರ್ ಒಳಗೆ ನಿನಗೊಂದು ಕೋಣೆ, ನಿನ್ನ ಹೆಂಡತಿಗೊಂದು ಕೋಣೆ ಮಾಡು. ಅವರವರ ಹೆಸರು ಒತ್ತಿ ಅವರವರು ಒಳಗೆ ಹೋಗ್ಲಿ. ಭಾರ ಹಂಚಿ ಹೋಗುತ್ತೆ."

ಕನ್ನಡಕದಣ್ಣ ಅಂದೇ ಎರಡು ಕೋಣೆ ಕಟ್ಟಿದ. ಪರದೆಯ ಮೇಲೆ ಎರಡು ಹೆಸರು ಮೂಡಿದವು. "ಇನ್ನು ಮುಂದೆ ನಿನ್ನ ಹೆಸರು ಒತ್ತಿ ಒಳಗೆ ಹೋಗು" ಎಂದು ಕಾಗದದಲ್ಲಿ ಬರೆದು ಅಂಟಿಸಿದ. ಕಂಪ್ಯೂಟರ್ ಮಾತ್ರ ಮೊದಲಿಗಿಂತ ನಿಧಾನವಾಯಿತು. ಅದು ಹೋಗಲಿ, ಆ ದಿನದಿಂದ ಹೆಂಡತಿಯ ಉತ್ತರಗಳೂ ನಿಂತುಹೋದವು.

ಮೊದಲ ವಾರ ಅವಳಿಗೆ ಆಯಾಸ ಎಂದುಕೊಂಡ. ಎರಡನೆಯ ವಾರ ಏನೋ ಕೋಪ ಎಂದುಕೊಂಡ. ಆದರೂ ಬರೆಯುವುದನ್ನು ಬಿಡಲಿಲ್ಲ. "ಇವತ್ತು ಒಬ್ಬರು ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿದ್ದ ಗಂಡನನ್ನು ನೋಡಿ, ಇವರು ಯಾರು ಅಂತ ಕೇಳಿದರು" ಎಂದು ಬರೆದ. ಉತ್ತರವಿಲ್ಲ. "ನೀನು ಮಾಡಿಟ್ಟ ಸಾರು ಚೆನ್ನಾಗಿತ್ತು" ಎಂದು ಬರೆದ. ಉತ್ತರವಿಲ್ಲ. ಯಾಕೆ ಬರೆಯುತ್ತಿಲ್ಲ ಎಂದು ಭಾನುವಾರ ಬಾಯಿ ಬಿಟ್ಟು ಕೇಳಬಹುದಿತ್ತು. ಆದರೆ, ಬರೆಯಲು ಏನಿದೆ ಎಂದು ಅವಳು ಅಂದುಬಿಟ್ಟರೆ? ಅದಕ್ಕಿಂತ ಕಂಪ್ಯೂಟರನ್ನು ಬೈಯುವುದು ಸಲೀಸು. ರಾತ್ರಿಯಿಡೀ ಒಲೆಯ ಮುಂದೆ ನಿಂತು ಬಂದವಳು ಈ ಕತ್ತೆಯನ್ನು ಎಷ್ಟೆಂದು ಕಾಯುತ್ತಾಳೆ? ಇದು ಓಡಿದರೆ ಅವಳೂ ಬರೆಯುತ್ತಾಳೆ. ಹೀಗೆ ಏಳು ವಾರ ಯೋಚಿಸಿ ಮಾಡಿದ್ದು ಆ ಶಪಥ.

"ಮೆಮೊರಿ ಸಾಲದು," ಎಂದ ಎಲ್ಲಾಬಲ್ಲ. "ಎಷ್ಟಿದೆ? ನಾಲ್ಕು ಜಿಬೀನಾ? ಎಂಟಾದ್ರೂ ಬೇಕು." ಮಜ್ಜಿಗೆ ಕುಡಿಯುವಷ್ಟರಲ್ಲಿ ಅದು ಹದಿನಾರಾಯಿತು. ಕೈ ತೊಳೆಯುವಷ್ಟರಲ್ಲಿ ಮೂವತ್ತೆರಡಾಯಿತು. ಊಟದ ಬಿಡುವು ಮುಗಿದದ್ದು ಪುಣ್ಯ.

ಕಂಪ್ಯೂಟರ್ ಅಂಗಡಿಯಾಕೆ ಸಮಾಧಾನದ ಹೆಂಗಸು. "ಕಂಪ್ಯೂಟರಲ್ಲಿ ಏನು ಕೆಲಸ ಮಾಡ್ತೀರಿ ಸಾರ್?" ಎಂದು ಕೇಳಿದಳು.

"ಚೀಟಿ ಬರೀತೀನಿ."

"ಯಾರಿಗೆ?"

"ಹೆಂಡತಿಗೆ."

"ಎಲ್ಲಿದ್ದಾರೆ ಅವರು?"

"ಮನೇಲೇ."

ಅಂಗಡಿಯಾಕೆ ಅವನನ್ನು ಒಮ್ಮೆ ನೋಡಿ, ಮುಂದೆ ಕೇಳಲಿಲ್ಲ. "ಅದಕ್ಕೆ ನಾಲ್ಕೇ ಧಾರಾಳ. ಸಿನಿಮಾ ಗಿನಿಮಾ ನೋಡ್ತೀರಿ ಅಂದ್ರೆ ಎಂಟು. ಹದಿನಾರು ಹಾಕಿದ್ರೆ ಐದು ವರ್ಷ ಈ ಕಡೆ ತಲೆ ಹಾಕಬೇಕಾಗಿಲ್ಲ. ಮೂವತ್ತೆರಡು ಬೇಕಾಗೋದು ಸಿನಿಮಾ ಮಾಡೋರಿಗೆ ಸಾರ್, ನೋಡೋರಿಗಲ್ಲ."

"ಮೂವತ್ತೆರಡೇ ಕೊಡಿ."

"ನೋಡಿ, ಮೆಮೊರಿ ಅಂದ್ರೆ ಅಡುಗೆಮನೆ ಕಟ್ಟೆ ಇದ್ದ ಹಾಗೆ. ದೊಡ್ಡದಿದ್ರೆ ನಾಲ್ಕು ಪಾತ್ರೆ ಜಾಸ್ತಿ ಇಡಬಹುದು, ಅಷ್ಟೆ. ಬೇಕಾದ್ದನ್ನ ಎತ್ತಿ ಬೀರುವಿನಲ್ಲಿಡಬೇಕು. ಇಡದೆ ಆಫ್ ಮಾಡಿದ್ರೆ ಕಟ್ಟೆ ಒರೆಸಿದ ಹಾಗೆ."

ಕನ್ನಡಕದಣ್ಣ ತಲೆಯಾಡಿಸಿದ. ಕೇಳಿಸಿಕೊಂಡಿರಲಿಲ್ಲ. ಬೆರಳುದ್ದದ ಎರಡು ಹಸಿರು ಪಟ್ಟಿಗಳನ್ನು ಜೇಬಿನಲ್ಲಿಟ್ಟುಕೊಂಡು ದಿಗ್ವಿಜಯಕ್ಕೆ ಹೊರಟವನಂತೆ ಬಸ್ಸು ಹತ್ತಿದ.

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಅವನು ತನ್ನ ಪುಟಕ್ಕೆ 'ಚೀಟಿ' ಎಂದು ಹೆಸರಿಟ್ಟು ಉಳಿಸಿ, ಕಂಪ್ಯೂಟರನ್ನು ಆಫ್ ಮಾಡಲು ಹೋದ. ಅದು ತಿಂಗಳುಗಟ್ಟಲೆ ಆಫ್ ಆದದ್ದೇ ಇಲ್ಲ. ಮತ್ತೆ ಶುರುವಾಗಲು ಇಪ್ಪತ್ತು ನಿಮಿಷ ಹಿಡಿಯುತ್ತದೆಂದು ಇಬ್ಬರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಪರದೆಯ ಮೇಲೆ ಏನೋ ಬರಹ ಮೂಡಿತು. ಕನ್ನಡಕ ಹಣೆಯ ಮೇಲಿತ್ತು. ದೊಡ್ಡಕ್ಷರದ ಮೊದಲ ಸಾಲನ್ನಷ್ಟೇ ಓದಿದ. ಇನ್ನೊಬ್ಬರು ಈ ಕಂಪ್ಯೂಟರನ್ನು ಬಳಸುತ್ತಿದ್ದಾರೆ.

ಅವನು ತಿರುಗಿ ನೋಡಿದ. ಕೋಣೆಯಲ್ಲಿ ಅವನೊಬ್ಬನೇ.

"ಈ ಮನೇಲಿ ಇನ್ನೊಬ್ಬರಿದ್ದಾರೆ ಅಂತ ನೀನು ಬೇರೆ ಹೇಳಬೇಕಾಗಿತ್ತು," ಎಂದು ಗೊಣಗಿ, ಕೆಳಗಿನ ಸಣ್ಣಕ್ಷರವನ್ನು ಓದದೆ, ಆದರೂ ಮುಚ್ಚು ಎಂದು ಒತ್ತಿದ.

ಆಮೇಲೆ ಪೆಟ್ಟಿಗೆ ಬಿಚ್ಚಿದ. ಹಳೆಯ ಪಟ್ಟಿ ಕಿತ್ತು ಹೊಸದನ್ನು ಇಟ್ಟರೆ ಕೂರಲೊಲ್ಲದು. ಉಜ್ಜಿದರೆ ಎಂಥ ಗಾಜೂ ಚೌಕಟ್ಟಿಗೆ ಕೂರುತ್ತದೆ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ. ಚೀಲದಿಂದ ಅರ ತೆಗೆದ. ಇನ್ನೇನು ಉಜ್ಜಬೇಕು, ಪಟ್ಟಿ ತಲೆಕೆಳಗಾಗಿದೆ ಎಂದು ಕಂಡಿತು. ತಿರುಗಿಸಿ ಒತ್ತಿದ, ಗುಂಡಿ ಅದುಮಿದ. ಕಂಪ್ಯೂಟರ್ ಬಾಲ ತುಳಿದ ಬೆಕ್ಕಿನಂತೆ ಕೀ ಎಂದು ಕಿರುಚತೊಡಗಿತು. ಅವಳು ಎದ್ದುಬಿಟ್ಟರೆ? ಓಡಿಹೋಗಿ ಹೊದಿಕೆ ತಂದು ಹೊದಿಸಿದ. ಸದ್ದು ನಿಲ್ಲಲಿಲ್ಲ. ಮೇಲೆ ದಿಂಬಿಟ್ಟು, ಅದನ್ನು ಮಗುವಿನಂತೆ ಅವುಚಿಕೊಂಡು, ಅದರ ಕಿವಿ ಎಲ್ಲಿದೆಯೋ ಗೊತ್ತಿಲ್ಲದೆ, "ಶ್, ಶ್" ಎಂದ. ಕೊನೆಗೆ ಹೊಳೆದದ್ದು ತಂತಿ ಕೀಳುವ ಉಪಾಯ. ಪಟ್ಟಿಗಳನ್ನು ಇನ್ನೊಮ್ಮೆ ಬಲವಾಗಿ ಅದುಮಿದಾಗ ಕಟಕ್ ಎಂದು ಕೂತವು. ಸೂರ್ಯ ನೆತ್ತಿ ದಾಟಿ ಎರಡು ಗಂಟೆಯಾಗಿತ್ತು. ಆದರೇನು, ಕಂಪ್ಯೂಟರ್ ಬಾಣದಂತೆ ಓಡತೊಡಗಿತು.

ನಾಲ್ಕಕ್ಕೆ ಹೆಂಡತಿ ಕೂದಲು ಕಟ್ಟಿಕೊಳ್ಳುತ್ತಾ ಹೊರಗೆ ಬಂದಳು. "ಏನ್ರೀ, ಹೊದಿಕೆ ದಿಂಬು ಎಲ್ಲ ಮೇಜಿನ ಮೇಲಿದೆ?"

"ಅದಿರ್ಲಿ. ಕೂತ್ಕೊ. ನಿನ್ನ ಹೆಸರು ಒತ್ತು. ನಾನು ಎಣಿಸ್ತೀನಿ."

ಅವನು 'ಎರಡು' ಎನ್ನುವ ಮೊದಲೇ ಪರದೆ ತೆರೆದುಕೊಂಡಿತು. ಅವನು ಮೆಚ್ಚುಗೆಗೆ ಕಾದ. ಅವಳು ಪರದೆಯನ್ನೇ ನೋಡುತ್ತಿದ್ದಳು.

"ನನ್ನ ಪುಟ ಎಲ್ಲಿ?"

"ಯಾವ ಪುಟ?"

"ನಾನು ದಿನಾ ಬರೀತಿದ್ದದ್ದು."

"ನೀನೆಲ್ಲಿ ಬರೀತಿದ್ದೆ? ಏಳು ವಾರ ಆಯ್ತು, ಒಂದಕ್ಷರ ಬರೆದಿಲ್ಲ."

"ನಾನಾ?" ಅವಳು ಅವನ ಕಡೆ ತಿರುಗಿದಳು. "ಬರೀದೇ ಇದ್ದದ್ದು ನೀವು. ನಿನ್ನ ಹೆಸರು ಒತ್ತಿ ಒಳಗೆ ಹೋಗು ಅಂದ್ರಿ, ಹೋದೆ. ಅಲ್ಲಿ ಖಾಲಿ ಪುಟ ಇತ್ತು. ಹೊಸದಾಗಿ ಶುರುಮಾಡೋಣ ಅಂತಿದೀರೇನೋ ಅಂದ್ಕೊಂಡು ದಿನಾ ಬರೆದೆ. ನೀವೇ ಒಂದು ದಿನವೂ ಉತ್ತರ ಕೊಡಲಿಲ್ಲ."

ಒಬ್ಬರ ಕೋಣೆಯಲ್ಲಿ ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ ಎಂಬುದು ಕನ್ನಡಕದಣ್ಣನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬೆಳಗ್ಗೆ ಪರದೆ ಹೇಳಿದ ಆ ಇನ್ನೊಬ್ಬರು ಅವಳೇ, ತಾನು ಮುಚ್ಚಿದ್ದು ಅವಳು ಉಳಿಸದೆ ಬಿಟ್ಟಿದ್ದ ಪುಟವನ್ನೇ ಎಂಬುದೂ ಹಿಂದೆಯೇ ಹೊಳೆಯಿತು. ಅಂಗಡಿಯಾಕೆಗೆ ಫೋನ್ ಮಾಡಿದ.

"ಮೇಡಂ, ಹೋದ ಪುಟ ವಾಪಸ್ ಬರುತ್ತಾ? ಈಗ ಮೂವತ್ತೆರಡಿದೆ."

"ಉಳಿಸಿದ್ರಾ?"

"ಇಲ್ಲ."

"ಹಾಗಾದ್ರೆ ನಾಲ್ಕಿದ್ರೂ ಅಷ್ಟೆ, ಮೂವತ್ತೆರಡಿದ್ರೂ ಅಷ್ಟೆ ಸಾರ್. ಮರೆಯೋದ್ರಲ್ಲಿ ಎರಡೂ ಒಂದೇ."

ಅವನ ಪುಟ ಮಾತ್ರ ಒಂದಕ್ಷರ ಅಳಿಯದೆ ಇತ್ತು. ಹೆಂಡತಿ ನಿಂತುಕೊಂಡೇ ಏಳು ವಾರದ್ದನ್ನೂ ಓದಿದಳು. ಅಜ್ಜಿಯ ಕನ್ನಡಕದ ಬಳಿ ನಕ್ಕಳು. ಸಾರಿನ ಬಳಿ ನಗಲಿಲ್ಲ. ಕೊನೆಕೊನೆಗೆ ಅವನು, "ಓದ್ತಾ ಇದ್ದೀಯಾ?" ಎಂದಷ್ಟೇ ಬರೆದ ದಿನಗಳಿದ್ದವು. ಅಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು.

"ನೀನೇನು ಬರೆದಿದ್ದೆ?" ಎಂದು ಅವನು ಕೇಳಿದ.

"ಏನೇನೋ. ಹಿಟ್ಟಿನ ಕೋಣೆಗೆ ಪಾರಿವಾಳ ನುಗ್ಗಿ ಬಿಳೀ ಆಗಿ ಹೊರಗೆ ಬಂದದ್ದು. ಈಗ ಹೇಳಿದ್ರೆ ಏನು ಚೆಂದ, ಬಿಡಿ."

"ಹೇಳು."

ಅವಳು ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಾ ಹೇಳಿದಳು. "ಹಗಲು ಪಾಳೀಲಿ ಒಂದು ಜಾಗ ಖಾಲಿ ಆಗಿತ್ತು. ತಗೊಳ್ಳಲಾ ಅಂತ ಕೇಳಿದ್ದೆ. ಹತ್ತು ದಿನ ಕಾದೆ. ನಿಮಗೆ ಒಬ್ಬರೇ ಇರೋದು ಒಗ್ಗಿಹೋಗಿದೆ ಅಂದ್ಕೊಂಡು, ಬೇಡ ಅಂತ ಹೇಳಿಬಿಟ್ಟೆ."

"ಭಾನುವಾರ ಬಾಯಿ ಬಿಟ್ಟು ಕೇಳಬಾರದಾಗಿತ್ತಾ?"

"ನೀವು ಕೇಳಿದ್ರಾ?"

ಐದೂವರೆಗೆ ಅವಳು ಹೊರಟಳು. ಅವನು ಕಂಪ್ಯೂಟರಿನ ಮುಂದೆ ಕೂತ. ಬೆರಳು ತಾಗಿಸುವ ಮೊದಲೇ ಅಕ್ಷರ ಮೂಡುವಷ್ಟು ಚುರುಕಾಗಿತ್ತು ಅದು. ಬರೆಯಲು ಒಂದು ಪದವೂ ಸಿಗಲಿಲ್ಲ.

ಮರುದಿನ ಬೆಳಗ್ಗೆ ಏಳಕ್ಕೆ ಅವನು ಬ್ರೆಡ್ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದ. ಪಾಳಿ ಬಿಟ್ಟು ಬಂದ ಸೂಪರ್‌ವೈಸರನ್ನು ಹಿಡಿದು ಹಗಲು ಪಾಳಿಯ ಜಾಗ ಕೇಳಿದ. ಆಕೆ ಪಾಪ, ಬೇಜಾರು ಮಾಡಿಕೊಂಡೇ ಹೇಳಿದಳು. "ಆ ಜಾಗ ಕೊಟ್ಟಾಯ್ತಲ್ಲ. ಇನ್ನು ಮುಂದಿನ ವರ್ಷ ನೋಡೋಣ."

ಹೆಂಡತಿ ಹೊರಬಂದು ಅವನನ್ನು ಕಂಡು ನಿಂತಳು. ಕೂದಲಲ್ಲಿ ಹಿಟ್ಟಿತ್ತು. ಗೇಟಿನಿಂದ ಬಸ್ ಸ್ಟಾಪಿಗೆ ಹದಿನೆಂಟು ನಿಮಿಷದ ದಾರಿ. ಅಲ್ಲಿಂದ ಅವಳ ಬಸ್ಸು ಮನೆಗೆ, ಅವನ ಬಸ್ಸು ಅಂಗಡಿಗೆ. ಇಬ್ಬರೂ ನಡೆದರು. ಬರುವಾಗ ಬಸ್ಸಿನಲ್ಲಿ ಅವನು ಎಷ್ಟೋ ಮಾತು ಜೋಡಿಸಿಕೊಂಡಿದ್ದ. ಈಗ ಒಂದೂ ನಾಲಿಗೆಗೆ ಬರಲಿಲ್ಲ. ಲಾರಿಗಳು ಸಾಲಾಗಿ ಹೊರಡುತ್ತಿದ್ದವು.

"ಮೋಡ ಆಗಿದೆ," ಎಂದ ಕೊನೆಗೆ.

"ಹೂಂ."

ಇನ್ನೂ ಐದು ನಿಮಿಷ ಕಳೆಯಿತು. "ಬಸ್ಸು ಬರುತ್ತೆ ಅನ್ಸುತ್ತೆ."

"ಬಸ್ ಸ್ಟಾಪಿಗೆ ಬಸ್ಸು ಬರದೆ ಇನ್ನೇನು ಬರುತ್ತೆ ರೀ?"

ಸ್ಟಾಪಿನಲ್ಲಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತರು. ಅವಳಿಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಒಮ್ಮೆ ಅವನ ತೋಳಿಗೆ ತಲೆ ತಾಗಿಸಿ, ಮತ್ತೆ ಎಚ್ಚರವಾಗಿ ನೆಟ್ಟಗೆ ನಿಂತಳು. ಅವಳ ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ನಾಳೆಯೂ ಬರ್ತೀರಾ?"

"ಬರ್ತೀನಿ. ದಿನಾ ಬರ್ತೀನಿ."

"ಸುಮ್ಮನೆ ಬರಬೇಡಿ," ಎಂದಳು ಹೆಂಡತಿ. "ಬರ್ಕೊಂಡು ಬನ್ನಿ."