ಐದಕ್ಕೆ ಒಂದು ಕಡಿಮೆ ಬಿದ್ದ ಇರುವೆ ಮೇಡಂ ಕುರಿತು ಎಚ್-ಸೂಚ್ಯಂಕದವರಿಗೆ

ಮಾನ್ಯ ಎಚ್-ಸೂಚ್ಯಂಕದವರೇ,

ವಿಜ್ಞಾನಿಯೊಬ್ಬರ ಇಡೀ ದುಡಿಮೆಯನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವ ತಮ್ಮ ಸಾಮರ್ಥ್ಯಕ್ಕೆ, ನಾಲ್ಕು ಸಾಲಿನ ಪದ್ಯಕ್ಕೆ ನಲವತ್ತು ಪುಟ ವಿವರಣೆ ಬರೆದು ಸಾಹಿತ್ಯದಲ್ಲಿ ಪದವಿ ಪಡೆದ ನಾನು ತಲೆಬಾಗುತ್ತೇನೆ. ಸಂಶೋಧನಾಲಯದ ಕಚೇರಿಯಲ್ಲಿ ಅರ್ಜಿ ತುಂಬುವುದು ನನ್ನ ಕೆಲಸ. ಯಾರ ಕೆಲಸ ಉಳಿಯಬೇಕೆಂದು ತೀರ್ಮಾನಿಸುವ ಸಮಿತಿಯವರ ಎದುರು ಬಾಯಿ ಬಿಡಲು ನಾಚಿಕೆಯಾದ್ದರಿಂದ ತಮಗೇ ಬರೆಯುತ್ತಿದ್ದೇನೆ.

ಇಲ್ಲಿ ‘ಇರುವೆ ಮೇಡಂ’ ಎಂಬ ವಿಜ್ಞಾನಿಯೊಬ್ಬರಿದ್ದಾರೆ. ಅವರ ಕೆಲಸ ಉಳಿಯಬೇಕಾದರೆ ಅವರ ಪಾಲಿಗೆ ತಾವು ಐದಾಗಬೇಕಂತೆ. ಅಂದರೆ ಅವರ ಐದು ಲೇಖನಗಳಿಗೆ ಬೇರೆ ಲೇಖನಗಳಲ್ಲಿ ಕನಿಷ್ಠ ಐದೈದು ಉಲ್ಲೇಖಗಳು ಸಿಕ್ಕಿರಬೇಕು. ನಾಲ್ಕು ಲೇಖನಗಳು ದಡ ಸೇರಿವೆ. ಐದನೆಯದಕ್ಕೆ ಸಿಕ್ಕಿದ್ದು ನಾಲ್ಕೇ.

ತಮ್ಮ ನಿಷ್ಪಕ್ಷಪಾತವನ್ನು ಎಷ್ಟು ಹೊಗಳಿದರೂ ಸಾಲದು. ಇರುವೆಗಳು ದಾರಿಯ ತಿರುವುಗಳನ್ನು ನೆನಪಿಡುತ್ತವೆಂದು ಮೇಡಂ ಹಿಂದೊಮ್ಮೆ ಬರೆದದ್ದು ತಪ್ಪಾಗಿತ್ತು. ತಪ್ಪೆಂದು ಸಾರಲು ಇನ್ನೂರ ಹನ್ನೆರಡು ಮಂದಿ ಅದನ್ನು ಉಲ್ಲೇಖಿಸಿದರು, ತಾವು ಒಂದನ್ನೂ ಬಿಡದೆ ಎಣಿಸಿದಿರಿ. ಮೇಡಂ ಮತ್ತೆರಡು ವರ್ಷ ಸ್ಟೂಲಿನ ಮೇಲೆ ಕೂತು, ಇರುವೆಗಳು ತಿರುಗಿದ್ದು ನೆನಪಿನಿಂದಲ್ಲ, ಮೇಜಿನ ದೀಪದ ಬಿಸಿಯಿಂದ ಎಂದು ತಾವಾಗಿಯೇ ಕಂಡುಕೊಂಡು ಪ್ರಕಟಿಸಿದರು. ಜಗಳ ಮುಗಿಯಿತು. ಮುಗಿದ ಜಗಳವನ್ನು ಯಾರು ಉಲ್ಲೇಖಿಸುತ್ತಾರೆ? ಆ ತಿದ್ದುಪಡಿಯೇ ನಮ್ಮ ಐದನೆಯ ಲೇಖನ.

ಅರ್ಜಿ ತುಂಬುವಾಗ ನನ್ನ ಮುಖ ಸಪ್ಪಗಾದದ್ದನ್ನು ಕಂಡ ಮೇಡಂ, “ಬೈಸ್ಕೊಂಡಿದ್ದೆಲ್ಲ ಲೆಕ್ಕಕ್ಕೆ ಬಂತು ಕಣಮ್ಮಾ, ತಿದ್ಕೊಂಡಿದ್ದು ಬರಲಿಲ್ಲ” ಎಂದು ನಕ್ಕು, ಇರುವೆಗಳಿಗೆ ಸಕ್ಕರೆನೀರು ಇಡಲು ಹೋದರು.

ಪಕ್ಕದ ಕೋಣೆಯ ಮಹನೀಯರಾದರೋ ತಮ್ಮನ್ನು ಮನೆ ಅಳಿಯನಂತೆ ಸಾಕಿದ್ದಾರೆ. ಅವರ ಪ್ರತಿ ಹೊಸ ಲೇಖನವೂ ಅವರದೇ ಹನ್ನೊಂದು ಹಳೆಯ ಲೇಖನಗಳನ್ನು ಭಕ್ತಿಯಿಂದ ನೆನೆಯುತ್ತದೆ, ಉಳಿದದ್ದನ್ನು ಶಿಷ್ಯರು ನೋಡಿಕೊಳ್ಳುತ್ತಾರೆ. ಅಲ್ಲಿ ತಾವು ಮೈಕೈ ತುಂಬಿಕೊಂಡು ಮೂವತ್ತೊಂದಾಗಿದ್ದೀರಿ. ದೃಷ್ಟಿ ತಾಗದಿರಲಿ.

ನನ್ನ ಕೋರಿಕೆ ಸಣ್ಣದು. ಅಕ್ಕನಂಥ ಆ ತಪ್ಪು ಲೇಖನಕ್ಕೆ ಬಿದ್ದ ಇನ್ನೂರ ಹನ್ನೆರಡು ಬೈಗುಳಗಳಲ್ಲಿ ಒಂದನ್ನು ತಂಗಿಯಂಥ ತಿದ್ದುಪಡಿಗೆ ದಾಟಿಸಿ. ಅದು ನಿಯಮಬಾಹಿರವೆನ್ನುವುದಾದರೆ ಇನ್ನೊಂದು ದಾರಿಯಿದೆ. ತಾವು ಎಂದೂ ಇಳಿಯುವುದಿಲ್ಲ, ವಿಜ್ಞಾನಿ ಸತ್ತ ಮೇಲೂ ಏರಬಲ್ಲಿರಿ ಎಂದು ಕೇಳಿದ್ದೇನೆ. ಆದ್ದರಿಂದ ಸೋಮವಾರದ ಸಮಿತಿ ಸಭೆಯನ್ನು ಮೇಡಂ ತೀರಿಕೊಂಡು ಕೆಲವು ವರ್ಷಗಳಾಗುವವರೆಗೆ ಮುಂದೂಡಿಸಿಕೊಡಬೇಕಾಗಿ ವಿನಂತಿ.

ಯಾರೂ ಎಂದೂ ಉಲ್ಲೇಖಿಸದ,
ತಮ್ಮ ವಿಶ್ವಾಸಿ,
ಅರ್ಜಿ ತುಂಬುವ ಹುಡುಗಿ

ವಿ.ಸೂ.: ಈ ಪತ್ರ ಓದುವ ವಿದ್ವಾಂಸರಲ್ಲಿ ಯಾರಾದರೂ ಸೋಮವಾರದೊಳಗೆ ‘ಆ ತಿದ್ದುಪಡಿಯೂ ಶುದ್ಧ ಸುಳ್ಳು’ ಎಂದು ಲೇಖನವೊಂದನ್ನು ಪ್ರಕಟಿಸಿದರೆ ಮೇಡಂ ಕೆಲಸ ಉಳಿಯುತ್ತದೆ. ಓದಿಯೇ ಬೈಯಬೇಕೆಂದಿಲ್ಲ, ಸೂಚ್ಯಂಕದವರು ಅದನ್ನೆಲ್ಲ ಕೇಳುವುದಿಲ್ಲ.