ಹಿತ್ತಾಳೆ ಫಲಕದ ಮೂರಕ್ಷರ

ಅರಸರು ಹೋಗಿ ನೂರು ವರ್ಷವಾದರೂ 'ಆಸ್ಥಾನ ಸಲಹೆಗಾರ' ಎಂಬ ಬಿರುದಿನವರು ಉಳಿದುಕೊಂಡಿದ್ದ ಊರೊಂದಿತ್ತು. ಗ್ರಾಟ್ಸ್ ಅಂತ ಅದರ ಹೆಸರು. ಬಿರುದಿಲ್ಲದವನಿಗೆ ಅಲ್ಲಿ ಕಾಫಿಯೂ ತಣ್ಣಗಾಗಿಯೇ ಬರುತ್ತಿತ್ತು.

ಲಿಫ್ಟ್ ರಿಪೇರಿಯ ಲೋರೆಂಟ್ಸ್ 'ಎಂಜಿನಿಯರ್' ಎಂಬ ಬಿರುದಿಗಾಗಿ ಪರಿಣತರ ಮುಂದೆ ಸಂದರ್ಶನ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ. ಅವನಮ್ಮ ವಾಲ್ಬುರ್ಗಾ ಕಾಯಲಿಲ್ಲ. ಮಗನ ಹೆಸರಿನ ಮುಂದೆ ಬಿರುದನ್ನು ಸೂಚಿಸುವ ಮೂರಕ್ಷರ ಕೆತ್ತಿಸಿ, ಬಾಗಿಲಿಗೆ ಹಿತ್ತಾಳೆ ಫಲಕ ಹಾಕಿಸಿಯೇಬಿಟ್ಟಳು.

ಬೆಳಿಗ್ಗೆ ಮೇಲ್ಮಹಡಿಯ ನಿವೃತ್ತ ಆಸ್ಥಾನ ಸಲಹೆಗಾರ ವುರ್ಟ್ಸಿಂಗರ್ ಅದರ ಮುಂದೆ ನಿಂತರು.

"ಬಿರುದು ಬಂತೇನಪ್ಪ?"

"ಇನ್ನೂ ಇಲ್ಲ, ಸಲಹೆಗಾರರೇ."

"ಹಾಗಿದ್ರೆ ಇದು ಅಪರಾಧ. ಸಂಜೆಯೊಳಗೆ ಹೋಗ್ಬೇಕು. ಇಲ್ಲಾಂದ್ರೆ ದೂರು ಕೊಡ್ತೀನಿ, ಬರೋ ಬಿರುದೂ ಬಾಗಿಲಿಂದಲೇ ವಾಪಸ್."

ಲೋರೆಂಟ್ಸ್ ಮಾತು ಕೊಟ್ಟ. ಆದರೆ ಫಲಕ ಉಡದಂತೆ ಕಚ್ಚಿಕೊಂಡಿತ್ತು.

"ಕಳ್ಳರು ಕದೀತಾರೆ ಅಂತ ಗಟ್ಟಿ ಅಂಟು ಹಾಕ್ಸಿದೀನಿ ಮಗಾ," ಎಂದಳು ಅಮ್ಮ ಹೆಮ್ಮೆಯಿಂದ.

ಅವನು ಮೂರಕ್ಷರದ ಮೇಲೆ ಗಾಯದ ಪಟ್ಟಿ ಅಂಟಿಸಿದ. ಮಧ್ಯಾಹ್ನಕ್ಕೆ ಎದುರುಮನೆಯ ರೋಸ್ವಿತಾ ಕುಂಟುತ್ತ ಬಂದಳು.

"ಬರೀ ಎಂಜಿನಿಯರ್ ಆಗಿದ್ರೆ ಯಾರಾದ್ರೂ ಮುಚ್ಚಿಡ್ತಾರಾ? ಒಳಗೆ ಇನ್ನೂ ದೊಡ್ಡದೇ ಇದೆ. ಸಂಕೋಚ ಬಿಡಿ ಡಾಕ್ಟ್ರೇ, ಈ ಮೊಣಕಾಲು ನೋಡಿ."

"ನಾನು ಲಿಫ್ಟಿನವನು, ತಾಯಿ."

"ನನ್ನ ಕಾಲೂ ಮೇಲೇಳ್ತಿಲ್ಲ, ಅದನ್ನೇ ಹೇಳಿದ್ದು."

ಅವಳ ಹಿಂದೆ ಬೀದಿಯ ಬೇಕರಿಯವನು ಹಲ್ಲುನೋವು ತೋರಿಸಲು ಬಾಯಿ ತೆರೆದು ನಿಂತಿದ್ದ. ಅಷ್ಟರಲ್ಲಿ ವುರ್ಟ್ಸಿಂಗರ್ ಇಳಿದು ಬಂದರು.

"ಈಗ ಡಾಕ್ಟರ್ ಬೇರೆ. ಎರಡು ದೂರು ಬರೀಬೇಕಾಗುತ್ತೆ."

ಲೋರೆಂಟ್ಸ್ ಪಟ್ಟಿ ಕಿತ್ತು, ಅರ ಹಿಡಿದು ಉಜ್ಜತೊಡಗಿದ. ಮೊದಲಕ್ಷರ ಹೋಯಿತು, ಎರಡನೆಯದೂ ಹೋಯಿತು. ಒಳಗಿನಿಂದ ಅಮ್ಮ ಏನೋ ಕೂಗಿದಳು. ಅರದ ಕಿರುಚಾಟದಲ್ಲಿ ಕೇಳಲಿಲ್ಲ. ಕೊನೆಯಕ್ಷರವೂ ಪುಡಿಯಾದಾಗ ಅವನು ಉಫ್ ಎಂದು ಊದಿದ.

"ನಿಲ್ಸೋ ಅಂದ್ನಲ್ಲೋ," ಅಮ್ಮ ಫೋನು ಹಿಡಿದು ಓಡಿಬಂದಳು. "ಪಾಸಾಗಿದೀಯಂತೆ. ಇವತ್ತಿಂದ ನೀನು ಎಂಜಿನಿಯರ್."

ಲೋರೆಂಟ್ಸನ ಕೈಯಿಂದ ಅರ ಜಾರಿತು. ವುರ್ಟ್ಸಿಂಗರ್ ಟೋಪಿ ತೆಗೆದು ಬಾಗಿದರು.

"ಅಭಿನಂದನೆ, ಎಂಜಿನಿಯರ್ ಅವರೇ. ಆದ್ರೆ ಫಲಕದಲ್ಲಿ ಬಿರುದೇ ಇಲ್ವಲ್ಲ. ಕಟ್ಟಡದ ಮರ್ಯಾದೆ ಪ್ರಶ್ನೆ. ಸಂಜೆಯೊಳಗೆ ಹಾಕ್ಸಿ."

ಲೋರೆಂಟ್ಸ್ ನಕ್ಕುಬಿಟ್ಟ. ಜೇಬಿನಿಂದ ಮಾರ್ಕರ್ ತೆಗೆದು, ಇನ್ನೂ ಬಿಸಿಯಾಗಿದ್ದ ಹಿತ್ತಾಳೆಯ ಮೇಲೆ ಮೂರಕ್ಷರ ತಾನೇ ಬರೆದ. ಸಂತೋಷದ ಆತುರದಲ್ಲಿ ಗೀಚಿದ ಅಕ್ಷರಗಳು ಮಳೆಯಲ್ಲಿ ನೆನೆದ ಎರೆಹುಳುಗಳಂತೆ ಹೊರಳಿದವು.

ರೋಸ್ವಿತಾ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಈ ಕೈಬರಹ ನೋಡಿದ್ರೇ ಗೊತ್ತಾಗುತ್ತೆ, ಡಾಕ್ಟ್ರೇ," ಎಂದು ಮೊಣಕಾಲು ಮುಂದೆ ಚಾಚಿದಳು.